ಕುಂಡದಲ್ಲಿಟ್ಟ ಬೆರಳು

ಅಪ್ಪನ ಬೆರಳುಗಳಲ್ಲಿ ಸ್ಪರ್ಶಜ್ಞಾನವೇ ಇರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವರ ನರ್ಸರಿಯಲ್ಲಿ ಅಜ್ಜಿಯ ಕಾಲದಿಂದಲೂ ಕುಂಡದ ಮಣ್ಣಿಗೆ ಬೆರಳಿಟ್ಟು ನೋಡಿಯೇ ನೀರು ಬಿಡುತ್ತಿದ್ದರು.

"ಒಣಗಿದೆ, ನೀರು ಬಿಡು," ಎಂದು ಅವನು ಗಾಜಿನ ಮನೆಯಲ್ಲಿ ಅಜ್ಜಿ ಕಸಿ ಕಟ್ಟಿದ್ದ ಗುಲಾಬಿಯ ಕುಂಡದಿಂದ ಬೆರಳು ತೆಗೆದ. ಬೆರಳಿನ ತುಂಬ ಕೆಸರು ಮೆತ್ತಿತ್ತು. ಪೈಪು ಹಿಡಿದು ನಿಂತಿದ್ದ ಮಗಳು ತಾನೂ ಬೆರಳಿಟ್ಟಳು. ಕೊಳೆತ ಬೇರಿನ ವಾಸನೆ ಮೂಗಿಗೆ ಬಡಿಯಿತು.

"ಅಪ್ಪಾ, ಇದು ಗದ್ದೆ ಆಗಿದೆಯಲ್ಲ!"

"ಎಲೆ ಬಾಡಿತ್ತಲ್ಲಮ್ಮ, ಬಾಯಾರಿದೆ ಅಂದ್ಕೊಂಡೆ. ಕೈಗೆ ಈಗ ಏನೂ ತಿಳಿಯೋದಿಲ್ಲ. ಹೇಳಿದ್ರೆ ಗಲ್ಲಾಪೆಟ್ಟಿಗೆ ಮುಂದೆ ಗೊಂಬೆ ಥರ ಕೂರಿಸಿಬಿಡ್ತಿದ್ದೆ ನೀನು."

ಬೇಸಿಗೆಯುದ್ದಕ್ಕೂ ಅವನ ಮಾತು ನಂಬಿ ನೀರು ಬಿಟ್ಟವಳು ಅವಳೇ. ಇಬ್ಬರೂ ಕುಂಡಗಳನ್ನು ಒಂದೊಂದಾಗಿ ಬೋರಲು ಹಾಕಿ ನೋಡಿದರು. ಅಜ್ಜಿಯ ಗುಲಾಬಿಗಳಲ್ಲಿ ನಲವತ್ತು ಸತ್ತಿದ್ದವು. ಇದ್ದದ್ದೇ ನಲವತ್ತು.