ಅಂಗಳ ನೋಡಲು ಬಂದ ಹೊಂಗೆ

ಯುಗಾದಿ ಕಳೆದ ಮೇಲೆ ಕಾಡಿನ ಮರಗಳು ಪಕ್ಕದ ಬಡಾವಣೆಗೆ ನಡೆದು ಬಂದು, ಮನಸ್ಸಿಗೆ ಹಿಡಿಸಿದ ಅಂಗಳದಲ್ಲಿ ಬೇರೂರುವುದು ವಾಡಿಕೆ. ನೀಲವ್ವನ ಅಂಗಳಕ್ಕೆ ಮಾತ್ರ ಇದುವರೆಗೆ ಒಂದೂ ಒಲಿದಿರಲಿಲ್ಲ. ಈ ಸಲ ಹೊಂಗೆಯೊಂದು ಗೇಟು ದಾಟಿ ಬಂತು. ಆಕೆ ಅದಕ್ಕೆ ಕುಂಕುಮ ಹಚ್ಚಿ ಉಸಿರು ಬಿಗಿಹಿಡಿದು ನಿಂತಳು. ಹೊಂಗೆ ಬೇರಿನ ತುದಿಯಿಂದ ನೆಲ ತಡವಿತು. ಗಂಡ ಕಾರಿಗೆಂದು ಹಾಕಿಸಿದ್ದ ಸಿಮೆಂಟು ತಾಗಿದ್ದೇ ಮೆಲ್ಲಗೆ ತಿರುಗಿ ಹೊರಟಿತು.

"ಹೊಂಟೇಬಿಡ್ತಲ್ಲ ನೀಲವ್ವಾ!" ಪಕ್ಕದ ಮನೆಯ ಗಿರಿಜಕ್ಕ ತನ್ನ ಬೇವಿನ ನೆರಳಲ್ಲಿ ಕೂತು ನಕ್ಕಳು.

ನೀಲವ್ವ ಹಾರೆ ತಂದು ಗಂಡನ ಕೈಗಿಟ್ಟಳು. "ಒಡೀರಿ."

"ಕಾರು ಎಲ್ಲಿ ನಿಲ್ಲಸ್ಲಿ ನಾ?"

"ಬೀದ್ಯಾಗ ನಿಲ್ಲಸ್ರಿ. ಅದೇನ್ ಬಿಸಿಲಿಗೆ ಬಾಡ್ತದೇನು?"

ಗಂಡ ಗೊಣಗುತ್ತಲೇ ಒಡೆದ. ಕೆಂಪು ಮಣ್ಣು ಕಂಡದ್ದೇ ಹೊಂಗೆ ಗೇಟಿನಿಂದ ಹಿಂದಿರುಗಿ ಒಂದು ಬೇರನ್ನು ಇಳಿಸಿತು.

ಗಂಡ ಹಾರೆ ಕೆಳಗಿಡಲು ಹೋದ.

"ಏ, ಹಂಗ ನಿಲ್ಲಸಬ್ಯಾಡ್ರಿ," ಎಂದಳು ನೀಲವ್ವ. "ಪಾಪ, ಕಾಲು ಚಾಚೂವಷ್ಟರ ಜಾಗಾ ಮಾಡ್ರಿ."