ಬೀಗರ ಮನೆಯ ಕಷಾಯ

ಮಗಳನ್ನು ಒಪ್ಪಿದ ಗಂಡಿನ ಮನೆ ನೋಡಲು ಹೋದ ಚನ್ನವೀರಯ್ಯನವರಿಗೆ ಕಾಫಿ ಸಿಗಲಿಲ್ಲ. ಗಂಡಿನ ಅಪ್ಪ ಒಲೆಯ ಮೇಲಿಂದ ಎರಡು ಲೋಟ ಕಷಾಯ ಬಗ್ಗಿಸಿ ತಂದರು. ಚರಂಡಿಯ ಬಣ್ಣ, ಒದ್ದೆ ಗೋಣಿಯ ವಾಸನೆ.

"ಬೇವಿನ ತೊಗಟೆ, ಅಮೃತಬಳ್ಳಿ. ಆಲ್ಕಲಾಯ್ಡು, ಟ್ಯಾನಿನ್ನು ಅಂತಾರಲ್ಲ, ಆ ಕಹಿ, ಒಗರಿನ ಸತ್ವ ಎಲ್ಲಾ ಇಳಿದಿರುತ್ತೆ. ಇದು ಒಗ್ಗದವರ ಮನೆ ಹೆಣ್ಣು ನಮಗೂ ಒಗ್ಗಲ್ಲ ನೋಡಿ," ಎಂದು ಅವರು ತಮ್ಮ ಲೋಟವನ್ನು ಚಪ್ಪರಿಸಿ ಮುಗಿಸಿದರು.

ಸಂಬಂಧ ಕೈತಪ್ಪೀತೆಂದು ಚನ್ನವೀರಯ್ಯನವರು ಉಸಿರು ಬಿಗಿಹಿಡಿದು ಕುಡಿದರು. ಗಂಟಲವರೆಗೆ ಬಂದದ್ದನ್ನು ನುಂಗಿ ನಕ್ಕರು. "ಸೊಗಸಾಗಿದೆ ಸ್ವಾಮಿ."

"ಇವತ್ತು ಯಾಕೋ ದಿನಕ್ಕಿಂತ ಗಟ್ಟಿಯಾಗೇ ಇದೆ. ನೀವೇ ನಮ್ಮ ಬೀಗರು ಬಿಡಿ. ಇನ್ನರ್ಧ ಲೋಟ ತಗೊಳ್ಳಿ."

ಅದೂ ಒಳಗಿಳಿಯುವ ಹೊತ್ತಿಗೆ ಅಡುಗೆಮನೆಯಿಂದ ಗಂಡಿನ ಅಜ್ಜಿಯ ದನಿ ಕೇಳಿತು: "ಲೋ, ನಾನು ಹುಣ್ಣಿನ ಕಾಲು ಅದ್ದಿದ್ದ ಕಷಾಯಾನ ಮತ್ತೆ ಬಿಸಿಗೆ ಇಟ್ಟಿದ್ದೆ, ಯಾರೋ ತೆಗೆದದ್ದು?"