ಕಕ್ಕಸಿನ ಕಿಟಕಿಯ ತೋಳು

ಕಕ್ಕಸಿನ ಕಿಟಕಿಯಿಂದ ದಪ್ಪನೆಯ ತೋಳೊಂದು ಹೊರಬಂತು. ನರ್ಸ್ ಅನಾಸೀನಿ ಮುಖ ತಿರುಗಿಸಿಕೊಂಡೇ ಅದಕ್ಕೆ ಬಿ.ಪಿ. ಪಟ್ಟಿ ಸುತ್ತಿದಳು. ತೋಳು ಅವಳ ತಮ್ಮ ಮಾಫಿಯದು. ಟೋಂಗಾದಲ್ಲಿ ಅಕ್ಕ ತಮ್ಮಂದಿರು ಮೂತ್ರದ ಮಾತಾಡುವುದಿರಲಿ, ಒಂದೇ ಚಾಪೆಯ ಮೇಲೆ ಕೂರುವಂತಿಲ್ಲ. ಆದರೆ ಇಡೀ ದ್ವೀಪಕ್ಕೆ ಇದ್ದವಳು ಒಬ್ಬಳೇ ನರ್ಸ್. ಏನು ಮಾಡೋದು ಹೇಳಿ?

ಮೂರು ತಿಂಗಳಿಂದ ಮೂತ್ರಕ್ಕೆ ಹೋದಾಗಲೆಲ್ಲ ಮಾಫಿಗೆ ಎದೆ ಡವಡವ ಹೊಡೆದುಕೊಂಡು ಕಣ್ಣು ಕತ್ತಲೆ ಬರುತ್ತಿತ್ತು. ಅಮಲೇರಿಸುವ ಕವಾ ಬೇರಿನ ಪಾನಕ ಕುಡಿದದ್ದು ಜಾಸ್ತಿಯಾಯಿತು ಎಂದು ಊರವರು ನಕ್ಕರು. ಮೂತ್ರಕೋಶದಲ್ಲಿ ಗೆಡ್ಡೆಯಿದೆ, ಗುರುವಾರ ಕತ್ತರಿಸೋಣ ಎಂದರು ರಾಜಧಾನಿಯ ವೈದ್ಯರು. ಅವರಲ್ಲಿ ಹಿರಿಯರೊಬ್ಬರಿಗೆ ಮಾತ್ರ ಅನುಮಾನ. ಇದು ಲಕ್ಷಕ್ಕೊಬ್ಬರಿಗೂ ಬಾರದ ಗೆಡ್ಡೆ ಇರಬಹುದು, ಮೂತ್ರ ಹೊರಟೊಡನೆ ರಕ್ತದೊತ್ತಡವನ್ನು ಮುಗಿಲಿಗೇರಿಸುತ್ತದೆ, ಮೊದಲು ವಾರಗಟ್ಟಲೆ ಮಾತ್ರೆ ಕೊಡದೆ ಕತ್ತಿಯಿಟ್ಟರೆ ಮೇಜಿನ ಮೇಲೇ ಪ್ರಾಣ ಹೋದೀತು, ಮೂತ್ರ ಮಾಡುವಾಗಲೇ ಒತ್ತಡ ಅಳೆದು ತಿಳಿಸು ಎಂದು ಅನಾಸೀನಿಗೆ ಫೋನಿನಲ್ಲಿ ಹೇಳಿದ್ದರು.

ಒಳಗೆ ಗಂಡನನ್ನು ಆತುಕೊಂಡು ನಿಂತಿದ್ದ ಲುಪೆಯೇ ಇಬ್ಬರ ನಡುವಿನ ದೂತೆ.

"ಹೊರಗೆ ಯಾರೋ ಇದಾರಲ್ಲ, ಶುರು ಮಾಡ್ಲಾ ಕೇಳೇ," ಎಂದು ಮಾಫಿ ಗೊಣಗಿದ.

"ಅಕ್ಕಾ, ತೋಳು ಶುರು ಮಾಡ್ಲಾ ಅಂತಿದೆ."

"ಈಗ ನೂರೈವತ್ತಿದೆ. ಮಾಡ್ಲಿ ಅನ್ನು ತೋಳಿಗೆ."

ಅನಾಸೀನಿ ಗಾಳಿ ತುಂಬಿ ಬಿಟ್ಟಳು. ಇನ್ನೂರಿಪ್ಪತ್ತು. ಮತ್ತೆ ತುಂಬಿದಳು. ಇನ್ನೂರರವತ್ತು. ತೋಳು ತಣ್ಣಗೆ ಬೆವೆತು ಜೋತುಬಿತ್ತು, ಒಳಗೆ ಲುಪೆ ಅಳತೊಡಗಿದಳು. ಅನಾಸೀನಿ ತಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಕಿಟಕಿಗೆ ಮುಖವಿಟ್ಟು ಕೂಗಿದಳು:

"ಉಚ್ಚೆ ನಿಲ್ಸೋ ಮಾಫೀ! ಕಣ್ಣು ಬಿಡೋ, ನನ್ನಪ್ಪಾ!"

ನಲವತ್ತು ವರ್ಷದಲ್ಲಿ ಅವನೆದುರು ಆಡದ ಮಾತನ್ನು ಬೀದಿಯೆಲ್ಲ ಕೇಳಿಸಿಕೊಂಡಿತು. ಸ್ವಲ್ಪ ಹೊತ್ತಿಗೆ ಅವನ ಬೆರಳುಗಳು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡವು. ಅವಳೂ ಬಿಡಿಸಿಕೊಳ್ಳಲಿಲ್ಲ.

ಆ ಅಂಕಿಗಳನ್ನು ಕೇಳಿ ಡಾಕ್ಟರು ಗುರುವಾರದ ಆಪರೇಷನ್ ನಿಲ್ಲಿಸಿದರು. ವಾರಗಟ್ಟಲೆ ಮಾತ್ರೆ ನುಂಗಿಸಿ, ಆಮೇಲೆ ಗೆಡ್ಡೆ ತೆಗೆದರು. ಗುಣವಾಗಿ ಬಂದ ಭಾನುವಾರ ಮಾಫಿ ಚರ್ಚಿನಲ್ಲಿ ಎದ್ದುನಿಂತು ದೇವರನ್ನು, ಡಾಕ್ಟರನ್ನು, ಹೆಂಡತಿಯನ್ನು ನೆನೆದ. ಕಡೆಗೆ, ಅಕ್ಕ ಕೂತ ಬೆಂಚಿನತ್ತ ನೋಡದೆ ಹೇಳಿದ:

"ನಮ್ಮಕ್ಕ ಅವತ್ತು ಅಲ್ಲಿರ್ಲೇ ಇಲ್ಲ. ಅವಳು ಇಲ್ದೇ ಹೋಗಿದ್ರೆ ನಾನು ಇವತ್ತು ಇರ್ತಿರ್ಲಿಲ್ಲ."